ರಿಂಗ್ ಪಕ್ಕದ ಕುರ್ಚಿ: ಚಾಂಪಿಯನ್‌ಗೆ ಜೋಡಿ ಕಟ್ಟುವವರು ಯಾರು?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ್ದು. ಬಾಕ್ಸಿಂಗ್‌ನಲ್ಲಿ ಚಾಂಪಿಯನ್ ಬೆಲ್ಟ್ ಗೆದ್ದವನಿಗೆ ಮುಂದಿನ ಎದುರಾಳಿಯನ್ನು ಯಾರು, ಹೇಗೆ, ಯಾವ ಲೆಕ್ಕದಲ್ಲಿ ಹುಡುಕುತ್ತಾರೆ ಅನ್ನೋದು. ಅದಕ್ಕೇ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ. ಪತ್ರ ಬರೆದವರ ಊರು ಮಾತ್ರ ಹಾಕಿದ್ದೇನೆ, ಹೆಸರು ಹಾಕಿಲ್ಲ.

ಕ್ರಿಕೆಟ್‌ಗೆ ವೇಳಾಪಟ್ಟಿ ಇದೆ, ಟೆನಿಸ್‌ಗೆ ಡ್ರಾ ಇದೆ. ಬಾಕ್ಸಿಂಗ್‌ನಲ್ಲಿ ಮಾತ್ರ ಚಾಂಪಿಯನ್ ಮುಂದೆ ಯಾರ ಜೊತೆ ಆಡ್ತಾನೆ ಅನ್ನೋದು ತಿಂಗಳುಗಟ್ಟಲೆ ಗೊತ್ತಾಗೋದೇ ಇಲ್ಲ. ಅವನೇ ಆರಿಸೋದಾದ್ರೆ ಸುಲಭದವನನ್ನೇ ಆರಿಸ್ಕೊಳ್ಳಲ್ವಾ ಸರ್?
— ಕಾಲೇಜು ವಿದ್ಯಾರ್ಥಿ, ಶಿವಮೊಗ್ಗ

ಆರಿಸಿಕೊಳ್ಳುತ್ತಾನೆ. ಅದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ.

ನಾನು ಮೈಸೂರಿನವನು. ನಮ್ಮಲ್ಲಿ ದಸರಾ ಕುಸ್ತಿಗೆ ಮುಂಚೆ ಜೋಡಿ ಕಟ್ಟುವುದು ಅಂತ ಇರುತ್ತದೆ. ಬೇರೆ ಬೇರೆ ಗರಡಿಯ ಪೈಲ್ವಾನರು ಬಂದು ಸೇರುತ್ತಾರೆ. ಹಿರಿಯರು ಇಬ್ಬರನ್ನು ಅಕ್ಕಪಕ್ಕ ನಿಲ್ಲಿಸಿ ಕತ್ತು, ಭುಜ, ತೊಡೆ ನೋಡುತ್ತಾರೆ. ಯಾರ ಶಿಷ್ಯ, ಹಿಂದೆ ಯಾರ ಜೊತೆ ಆಡಿದ್ದಾನೆ ಅಂತ ಕೇಳುತ್ತಾರೆ. ಒಪ್ಪಿಗೆಯಾಗದಿದ್ದರೆ ಹುಡುಗನ ಕಡೆಯವರು ಅಲ್ಲೇ ತಕರಾರು ತೆಗೆಯುತ್ತಾರೆ. ವೃತ್ತಿಪರ ಬಾಕ್ಸಿಂಗ್‌ನಲ್ಲೂ ನಡೆಯುವುದು ಇದೇ ಕೆಲಸ. ಆದರೆ ಬಾಗಿಲು ಹಾಕಿಕೊಂಡು, ಫೋನಿನಲ್ಲಿ, ವಕೀಲರನ್ನು ಪಕ್ಕದಲ್ಲಿ ಕೂರಿಸಿಕೊಂಡು.

ಆ ಕೆಲಸ ಮಾಡುವವನಿಗೆ ಮ್ಯಾಚ್‌ಮೇಕರ್ ಅಂತಾರೆ. ಅವನು ಪ್ರಮೋಟರ್ ಹತ್ತಿರ, ಅಂದರೆ ದುಡ್ಡು ಹಾಕಿ ಪಂದ್ಯ ನಡೆಸುವವನ ಹತ್ತಿರ, ಸಂಬಳಕ್ಕಿರುತ್ತಾನೆ. ಚಾಂಪಿಯನ್ ಗೆಲ್ಲಬೇಕು, ಆದರೆ ಜನ ಟಿಕೆಟ್ ಕೊಂಡು ಬರುವಷ್ಟಾದರೂ ಅನುಮಾನ ಉಳಿಯಬೇಕು. ಈ ಎರಡರ ನಡುವೆ ಅವನು ಹೆಸರುಗಳನ್ನು ತೂಗುತ್ತಾನೆ. ಎದುರಾಳಿಯೇ ಸಿಗುತ್ತಿಲ್ಲ ಅಂತ ಪೇಪರಿನಲ್ಲಿ ಬಂದರೆ ನಂಬಬೇಡಿ. ಎದುರಾಳಿಗಳು ಬೇಕಾದಷ್ಟಿದ್ದಾರೆ. ಕೊಡಲು ಒಪ್ಪುವ ದುಡ್ಡಿಗೆ, ಬೇಕಾದ ತಾರೀಖಿಗೆ, ಬೇಕಾದಷ್ಟು ಮಾತ್ರ ಬಲ ಇರುವವನು ಸಿಗುತ್ತಿಲ್ಲ ಅಂತ ಅದರರ್ಥ.

ಹಾಗಂತ ಜೀವನಪೂರ್ತಿ ಸುಲಭದವರ ಜೊತೆ ಆಡಿಕೊಂಡಿರಲು ಆಗುವುದಿಲ್ಲ. ಬೆಲ್ಟ್ ಕೊಡುವ ದೊಡ್ಡ ಸಂಸ್ಥೆಗಳು ನಾಲ್ಕಿವೆ: ಡಬ್ಲ್ಯೂಬಿಎ, ಡಬ್ಲ್ಯೂಬಿಸಿ, ಐಬಿಎಫ್, ಡಬ್ಲ್ಯೂಬಿಒ. ಪ್ರತಿಯೊಂದಕ್ಕೂ ತನ್ನದೇ ರ‍್ಯಾಂಕಿಂಗ್ ಪಟ್ಟಿ. ಸಾಮಾನ್ಯವಾಗಿ ಆ ಪಟ್ಟಿಯ ಮೊದಲ 15ರೊಳಗಿನವನ ಜೊತೆ ಚಾಂಪಿಯನ್ ತನಗಿಷ್ಟ ಬಂದಂತೆ ಆಡಬಹುದು. ಆದರೆ ಆಗಾಗ, ಸಂಸ್ಥೆ ಬೆರಳು ಮಾಡಿ ತೋರಿಸಿದವನ ಜೊತೆ ಆಡಲೇಬೇಕು. ಆತನೇ ಮ್ಯಾಂಡೇಟರಿ ಚಾಲೆಂಜರ್. ಒಲ್ಲೆ ಅಂದರೆ ಬೆಲ್ಟ್ ವಾಪಸ್.

ಐಬಿಎಫ್‌ನವರದು ಒಂದು ತಮಾಷೆ ಇದೆ. ಅವರ ಪಟ್ಟಿಯಲ್ಲಿ ಎಷ್ಟೋ ಸಲ ಒಂದನೇ ಮತ್ತು ಎರಡನೇ ಸ್ಥಾನ ಖಾಲಿ ಇರುತ್ತವೆ. ಅರ್ಹತಾ ಪಂದ್ಯ ಗೆಲ್ಲದೆ ಅಲ್ಲಿ ಯಾರನ್ನೂ ಕೂರಿಸುವುದಿಲ್ಲ. ಮೊದಲ ಸಲ ನೋಡಿದವರಿಗೆ ಪ್ರಿಂಟ್ ತಪ್ಪಿದೆ ಅನ್ನಿಸುತ್ತದೆ.

ಈಗ ನಾಲ್ಕೂ ಬೆಲ್ಟ್ ಒಬ್ಬನ ಹತ್ತಿರವೇ ಇವೆ ಅಂದುಕೊಳ್ಳಿ. ನಾಲ್ಕು ಸಂಸ್ಥೆ, ನಾಲ್ಕು ಮ್ಯಾಂಡೇಟರಿ, ಎಲ್ಲರಿಗೂ ತಮ್ಮವನೇ ಮೊದಲು ಆಗಬೇಕು. 2024ರ ಮೇ 18ರಂದು ರಿಯಾದ್‌ನಲ್ಲಿ ಟೈಸನ್ ಫ್ಯೂರಿಯನ್ನು ಸೋಲಿಸಿ ಉಕ್ರೇನಿನ ಒಲೆಕ್ಸಾಂಡರ್ ಉಸಿಕ್ ಹೆವಿವೇಟ್‌ನ ನಾಲ್ಕೂ ಬೆಲ್ಟ್ ಗೆದ್ದ. ಮುಂದಿನ ತಿಂಗಳೇ ಐಬಿಎಫ್ ಬೆಲ್ಟ್ ಬಿಟ್ಟುಕೊಡಬೇಕಾಯಿತು. ಅವನು ಫ್ಯೂರಿ ಜೊತೆ ಮರುಪಂದ್ಯಕ್ಕೆ ಮೊದಲೇ ಸಹಿ ಹಾಕಿದ್ದ, ಐಬಿಎಫ್‌ಗೆ ತನ್ನ ಮ್ಯಾಂಡೇಟರಿ ಬೇಕಿತ್ತು. ರಿಂಗ್‌ನಲ್ಲಿ ಸೋಲದೆ ಕಾಗದದ ಮೇಲೆ ಬೆಲ್ಟ್ ಹೋಯಿತು. ಆ ಬೆಲ್ಟ್ ಹಿಡಿದುಕೊಂಡಿದ್ದ ಡೇನಿಯಲ್ ಡುಬೊಯಿಸ್‌ನನ್ನು 2025ರ ಜುಲೈನಲ್ಲಿ ವೆಂಬ್ಲಿಯಲ್ಲಿ ಐದನೇ ಸುತ್ತಿಗೆ ಮಲಗಿಸಿ ಮತ್ತೆ ನಾಲ್ಕನ್ನೂ ಜೋಡಿಸಿಕೊಂಡ, ಆ ಮಾತು ಬೇರೆ.

ಹೆದರಿಕೊಂಡು ಬೆಲ್ಟೇ ಬಿಟ್ಟುಕೊಟ್ಟ ಚಾಂಪಿಯನ್ ಇದ್ದಾನಾ?
— ಅಂಚೆ ನೌಕರ, ಚಿತ್ರದುರ್ಗ

ಹೆದರಿಕೆಯೋ ಲೆಕ್ಕಾಚಾರವೋ ನೀವೇ ಹೇಳಿ. ರಿಡಿಕ್ ಬೋವ್ ಅಂತ ಅಮೆರಿಕದ ಹೆವಿವೇಟ್. 1992ರ ನವೆಂಬರ್‌ನಲ್ಲಿ ಇವಾಂಡರ್ ಹೋಲಿಫೀಲ್ಡ್‌ನನ್ನು ಸೋಲಿಸಿ ಚಾಂಪಿಯನ್ ಆದ. ಡಬ್ಲ್ಯೂಬಿಸಿಯ ಮ್ಯಾಂಡೇಟರಿ ಲೆನಾಕ್ಸ್ ಲೂಯಿಸ್. ಇದೇ ಲೂಯಿಸ್ 1988ರ ಸೋಲ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಬೋವ್‌ನನ್ನು ಹೊಡೆದು ಚಿನ್ನ ಗೆದ್ದಿದ್ದ. ದುಡ್ಡಿನ ಹಂಚಿಕೆ ಮೇಲೆ ಮಾತುಕತೆ ಕೂಡಿ ಬರಲಿಲ್ಲ. ಡಿಸೆಂಬರ್‌ನಲ್ಲಿ ಬೋವ್ ಲಂಡನ್‌ಗೆ ಹೋಗಿ, ಪತ್ರಕರ್ತರನ್ನು ಕರೆದು, ಕ್ಯಾಮೆರಾಗಳ ಮುಂದೆ ಡಬ್ಲ್ಯೂಬಿಸಿಯ ಹಸಿರು ಬೆಲ್ಟನ್ನು ಕಸದ ಡಬ್ಬಿಗೆ ಹಾಕಿದ. ಹೌದು, ನಿಜವಾದ ಕಸದ ಡಬ್ಬಿಗೆ.

ಆಮೇಲೆ ಯಾರನ್ನು ಹುಡುಕಿಕೊಂಡ ಗೊತ್ತಾ? ಮೊದಲು ಮೈಕಲ್ ಡೋಕ್ಸ್, ಒಂದೇ ಸುತ್ತಿಗೆ ಮುಗಿಯಿತು. ಆಮೇಲೆ ಜೆಸ್ಸಿ ಫರ್ಗುಸನ್, ಎರಡು ಸುತ್ತು. ಎರಡು ಸುಲಭದ ಸಂಬಳ. 1993ರ ನವೆಂಬರ್‌ನಲ್ಲಿ ಹೋಲಿಫೀಲ್ಡ್ ಮರುಪಂದ್ಯದಲ್ಲಿ ಉಳಿದ ಬೆಲ್ಟ್‌ಗಳನ್ನೂ ಕಿತ್ತುಕೊಂಡ. ಲೂಯಿಸ್ ಮತ್ತು ಬೋವ್ ವೃತ್ತಿಪರರಾಗಿ ಕೊನೆಗೂ ಎದುರಾಗಲೇ ಇಲ್ಲ. ಒಂದು ಪೀಳಿಗೆಯ ಅತಿ ದೊಡ್ಡ ಪಂದ್ಯ ಹಾಗೇ ಹೋಯಿತು. ನನಗೆ ಇಂದಿಗೂ ಸಿಟ್ಟಿದೆ.

1978ರಲ್ಲಿ ಲಿಯಾನ್ ಸ್ಪಿಂಕ್ಸ್ ಕಥೆ ಇನ್ನೊಂದು ಥರ. ಬರೀ ಏಳು ಪಂದ್ಯ ಆಡಿದ್ದ ಹುಡುಗ ಎಂಟನೆಯದರಲ್ಲಿ ಮಹಮ್ಮದ್ ಅಲಿಯನ್ನೇ ಸೋಲಿಸಿಬಿಟ್ಟ. ಡಬ್ಲ್ಯೂಬಿಸಿ ಕೆನ್ ನಾರ್ಟನ್ ಜೊತೆ ಆಡು ಅಂತು. ಅವನು ಅಲಿ ಜೊತೆ ಮರುಪಂದ್ಯಕ್ಕೆ ಹೋದ. ಡಬ್ಲ್ಯೂಬಿಸಿ ಬೆಲ್ಟ್ ಕಿತ್ತು ನಾರ್ಟನ್‌ಗೆ ಕೊಟ್ಟಿತು. ಸ್ಪಿಂಕ್ಸ್ ಮಾಡಿದ್ದು ತಪ್ಪು ಅಂತ ನಾನು ಹೇಳಲಾರೆ. ಅಲಿ ಜೊತೆ ಇನ್ನೊಮ್ಮೆ ನಿಂತರೆ ಬರುವ ದುಡ್ಡು ಬೇರೆ ಯಾರ ಜೊತೆ ನಿಂತರೂ ಬರುತ್ತಿರಲಿಲ್ಲ.

ಎರಡೂ ಕಡೆಯವರು ದುಡ್ಡಿನ ವಿಷಯದಲ್ಲಿ ಒಪ್ಪದಿದ್ದರೆ 'ಪರ್ಸ್ ಬಿಡ್' ಮಾಡ್ತಾರಂತೆ. ಹರಾಜಿನ ಥರಾನಾ?
— ಅಡಿಕೆ ವ್ಯಾಪಾರಿ, ಶಿರಸಿ

ಹರಾಜೇ, ಆದರೆ ನಿಮ್ಮ ಟೆಂಡರ್ ಪದ್ಧತಿಗೆ ಹತ್ತಿರ. ಕೂಗುವುದಿಲ್ಲ, ಮುಚ್ಚಿದ ಲಕೋಟೆಯಲ್ಲಿ ಬರೆದು ಕೊಡುತ್ತಾರೆ. ಮೊದಲು ಸಂಸ್ಥೆಯವರು ಮಾತುಕತೆಗೆ ಗಡುವು ಕೊಡುತ್ತಾರೆ. ಅದು ಮೀರಿದರೆ ಲಕೋಟೆ ಒಡೆಯುತ್ತಾರೆ. ಜಾಸ್ತಿ ಬರೆದವನಿಗೆ ಪಂದ್ಯ ನಡೆಸುವ ಹಕ್ಕು. ಎಲ್ಲಿ, ಯಾವಾಗ ಅನ್ನೋದರಲ್ಲಿ ಅವನ ಮಾತು ನಡೆಯುತ್ತದೆ.

ಲೆಕ್ಕದವರು ನೀವು, ಒಂದು ಲೆಕ್ಕ ಕೊಡುತ್ತೇನೆ. 2022ರ ಜನವರಿಯಲ್ಲಿ ಟೈಸನ್ ಫ್ಯೂರಿ ಮತ್ತು ಡಿಲಿಯನ್ ವೈಟ್ ಪಂದ್ಯಕ್ಕೆ ಪ್ರಮೋಟರ್ ಫ್ರಾಂಕ್ ವಾರೆನ್ ಬರೆದಿದ್ದು 4 ಕೋಟಿ 10 ಲಕ್ಷ 25 ಸಾವಿರ ಡಾಲರ್. ಎದುರಿಗಿದ್ದ ಎಡ್ಡಿ ಹರ್ನ್ ಬರೆದಿದ್ದು ಸುಮಾರು 3 ಕೋಟಿ 20 ಲಕ್ಷ. ಕೊನೆಯ ಆ 25 ಸಾವಿರ ನೋಡಿ. ಎದುರಿಗಿರುವವನು ದುಂಡು ಮೊತ್ತ ಬರೆದಿರಬಹುದು ಅನ್ನೋ ಭಯಕ್ಕೆ ಬಾಲ ಅಂಟಿಸುವುದು ಟೆಂಡರ್ ಹಾಕುವವರೆಲ್ಲರ ಬುದ್ಧಿ, ಅಲ್ವಾ? ಇಲ್ಲಿ ಅದು ಬೇಕೇ ಆಗಲಿಲ್ಲ, 90 ಲಕ್ಷದ ಅಂತರ ಇತ್ತು.

ಒಟ್ಟು ಮೊತ್ತದಲ್ಲಿ ಹತ್ತು ಪರ್ಸೆಂಟ್, ಅಂದರೆ ಸುಮಾರು 41 ಲಕ್ಷ ಡಾಲರ್, ಗೆದ್ದವನಿಗೆ ಅಂತ ಎತ್ತಿಟ್ಟರು. ಉಳಿದಿದ್ದನ್ನು 80–20 ಅಂತ ಸಂಸ್ಥೆ ಭಾಗ ಮಾಡಿತು. ಚಾಂಪಿಯನ್ ಫ್ಯೂರಿಗೆ ಸುಮಾರು 2 ಕೋಟಿ 95 ಲಕ್ಷ, ವೈಟ್‌ಗೆ ಸುಮಾರು 74 ಲಕ್ಷ. ವೈಟ್ ಕಡೆಯವರು ಪಾಲು ಕಮ್ಮಿಯಾಯಿತು ಅಂತ ಗಲಾಟೆ ಮಾಡಿದರು. ಏಪ್ರಿಲ್ 23ರಂದು ವೆಂಬ್ಲಿಯಲ್ಲಿ 94 ಸಾವಿರ ಜನರ ಮುಂದೆ ಆರನೇ ಸುತ್ತಿನಲ್ಲಿ ಫ್ಯೂರಿ ಕೆಳಗಿಂದ ಗದ್ದಕ್ಕೆ ಒಂದು ಅಪರ್‌ಕಟ್ ಹಾಕಿ ಗೆದ್ದ, ಆ ಬೋನಸ್ಸೂ ಅವನ ಜೇಬಿಗೇ ಹೋಯಿತು.

ಇನ್ನೊಂದು ವ್ಯವಹಾರವೂ ಇದೆ. ಮ್ಯಾಂಡೇಟರಿ ಆದವನಿಗೇ ದುಡ್ಡು ಕೊಟ್ಟು 'ಸ್ವಲ್ಪ ಪಕ್ಕಕ್ಕೆ ಸರಿ, ಮುಂದಿನ ಸಲ ನಿನ್ನದೇ' ಅನ್ನೋದು. ಒಂದೂ ಏಟು ತಿನ್ನದೆ ಸಿಗುವ ದುಡ್ಡು. ತಗೊಂಡವರನ್ನು ನಾನು ಬೈಯುವುದಿಲ್ಲ. ಆದರೆ ಆ 'ಮುಂದಿನ ಸಲ' ಬರುವುದರೊಳಗೆ ಚಾಂಪಿಯನ್ ಸೋತುಹೋದರೆ ಮತ್ತೆ ಮೊದಲಿನಿಂದ ಸಾಲಿನಲ್ಲಿ ನಿಲ್ಲಬೇಕಾದೀತು.

ಒಳ್ಳೆ ಬಾಕ್ಸರ್‌ಗಳಿಗೇ ಅವಕಾಶ ಸಿಗಲ್ಲ ಅಂತಾರಲ್ಲ, ಅದು ಹೇಗೆ?
— ಜಿಮ್ ತರಬೇತುದಾರ, ಹುಬ್ಬಳ್ಳಿ

ಒಳ್ಳೆಯವನು, ಆದರೆ ಟಿಕೆಟ್ ಮಾರುವ ಹೆಸರಿಲ್ಲ. ಇದು ಈ ಆಟದ ಕೆಟ್ಟ ಜಾಗ. ಅವನ ಜೊತೆ ಆಡಿ ಗೆದ್ದರೆ ದೊಡ್ಡ ಲಾಭವಿಲ್ಲ, ಸೋತರೆ ಎಲ್ಲಾ ಹೋಯಿತು. ಅದರ ಮೇಲೆ ಎಡಗೈ ಆಟಗಾರನಾದರಂತೂ ಮುಗಿದೇ ಹೋಯಿತು, ಮ್ಯಾಚ್‌ಮೇಕರ್ ಫೋನೇ ಎತ್ತುವುದಿಲ್ಲ.

ಕಜಕಿಸ್ತಾನದ ಗೆನ್ನಡಿ ಗೊಲೊವ್ಕಿನ್ ವರ್ಷಗಟ್ಟಲೆ ಹಾಗೇ ಕಾದ. 2016ರ ಮೇನಲ್ಲಿ ಮೆಕ್ಸಿಕೋದ ಕನೆಲೊ ಅಲ್ವಾರೆಸ್ ತನ್ನ ಡಬ್ಲ್ಯೂಬಿಸಿ ಮಿಡಲ್‌ವೇಟ್ ಬೆಲ್ಟ್‌ಗೆ ಎದುರಾಳಿಯಾಗಿ ಆರಿಸಿಕೊಂಡಿದ್ದು ಕೆಳಗಿನ ತೂಕದಿಂದ ಮೇಲೆ ಬಂದಿದ್ದ ಅಮೀರ್ ಖಾನ್‌ನನ್ನು. ಖಾನ್ ಕೈ ವೇಗದವನು, ಮೊದಲ ಸುತ್ತುಗಳಲ್ಲಿ ಚೆನ್ನಾಗೇ ಆಡಿದ. ಆರನೇ ಸುತ್ತಿನಲ್ಲಿ ಒಂದು ಬಲಗೈ ಬಿತ್ತು, ಮರ ಬಿದ್ದ ಹಾಗೆ ಬಿದ್ದ. ಗೆದ್ದ ಕನೆಲೊ ಅಲ್ಲೇ ಗೊಲೊವ್ಕಿನ್‌ನನ್ನು ರಿಂಗ್‌ಗೆ ಕರೆಸಿಕೊಂಡು, ಬೇಕಾದರೆ ಈಗಲೇ ಆಡೋಣ ಅನ್ನೋ ಧಾಟಿಯಲ್ಲಿ ಮಾತಾಡಿದ. ಎರಡು ವಾರ ಕಳೆಯುವ ಮುಂಚೆ, ಗೊಲೊವ್ಕಿನ್ ಜೊತೆ ಆಡದೆ, ಬೆಲ್ಟನ್ನೇ ಬಿಟ್ಟುಕೊಟ್ಟ. ಕೊನೆಗೆ ಇಬ್ಬರೂ ಎದುರಾಗಿದ್ದು 2017ರ ಸೆಪ್ಟೆಂಬರ್‌ನಲ್ಲಿ, ಗೊಲೊವ್ಕಿನ್‌ಗೆ 35 ತುಂಬಿದ ಮೇಲೆ. ಡ್ರಾ ಆಯಿತು. ಬಲವಾದವನ ಜೊತೆ ಆಡುವುದೇ ಇಲ್ಲ ಅಂತಲ್ಲ, ಅವನಿಗೆ ಸ್ವಲ್ಪ ವಯಸ್ಸಾಗಲಿ ಅಂತ ಕಾಯುತ್ತಾರೆ. ಕನೆಲೊ ದೊಡ್ಡ ಆಟಗಾರ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆ 16 ತಿಂಗಳು ಮಾತ್ರ ಅವನ ಲೆಕ್ಕದಲ್ಲಿ ಕಪ್ಪು ಚುಕ್ಕೆ.

ಅಮೆರಿಕದ ಮೇವೆದರ್ ಮತ್ತು ಫಿಲಿಪೀನ್ಸ್‌ನ ಪಕ್ಯಾವ್ ಬಗ್ಗೆಯೂ ಕೆಲವರು ಕೇಳಿದ್ದೀರಿ. 2009ರಲ್ಲಿ ಶುರುವಾದ ಮಾತು, ಪಂದ್ಯ ಆಗಿದ್ದು 2015ರ ಮೇ 2ರಂದು. ರಕ್ತ ಪರೀಕ್ಷೆಯ ಜಗಳ, ಎರಡು ಟಿವಿ ಚಾನೆಲ್‌ಗಳ ಜಗಳ. ಅಮೆರಿಕದಲ್ಲಿ 46 ಲಕ್ಷ ಮನೆಗಳವರು ದುಡ್ಡು ಕೊಟ್ಟು ನೋಡಿದರು. ಪಂದ್ಯ ಸಪ್ಪೆ.

ಕೊನೇ ಗಳಿಗೆಯಲ್ಲಿ ಎದುರಾಳಿ ಕೈಕೊಟ್ಟರೆ ಏನು ಮಾಡ್ತಾರೆ?
— ಹೋಟೆಲ್ ಮಾಲೀಕ, ಉಡುಪಿ

ಅಡುಗೆಯವನು ಬರದ ದಿನ ನೀವು ಏನು ಮಾಡುತ್ತೀರೋ ಅದನ್ನೇ. ಫೋನ್ ಮೇಲೆ ಫೋನ್.

ಜಪಾನಿನ ಚಾಂಪಿಯನ್ ನವೊಯಾ ಇನೊಯೆಗೆ ಹೀಗಾಯಿತು. 2024ರ ಡಿಸೆಂಬರ್ 24ಕ್ಕೆ ಆಸ್ಟ್ರೇಲಿಯಾದ ಸ್ಯಾಮ್ ಗುಡ್‌ಮನ್ ಜೊತೆ ಪಂದ್ಯ ಗೊತ್ತಾಗಿತ್ತು. ಅಭ್ಯಾಸದಲ್ಲಿ ಗುಡ್‌ಮನ್‌ನ ಕಣ್ಣಿನ ಮೇಲೆ ಚರ್ಮ ಸೀಳಿತು. ಜನವರಿ 24ಕ್ಕೆ ಮುಂದೂಡಿದರು. ಜನವರಿಯಲ್ಲಿ ಮತ್ತೆ ಅಭ್ಯಾಸದಲ್ಲೇ ಗಾಯವಾಯಿತು. ಆಗ ಉಳಿದಿದ್ದು ಎರಡು ವಾರಕ್ಕೂ ಕಮ್ಮಿ. ಟಿಕೆಟ್ ಮಾರಾಟವಾಗಿತ್ತು, ಟೋಕಿಯೊದ ಅರಿಯಾಕೆ ಅರೆನಾ ಗೊತ್ತಾಗಿತ್ತು. ದಕ್ಷಿಣ ಕೊರಿಯಾದ ಕಿಮ್ ಯೆ-ಜೂನ್ ಬಂದ, ಧೈರ್ಯವಾಗಿ ನಿಂತ, ನಾಲ್ಕನೇ ಸುತ್ತಿಗೆ ಮುಗಿಯಿತು.

ಬದಲಿ ಬಂದವನೇ ಮನೆ ಗುಡಿಸಿದ್ದೂ ಉಂಟು. 2019ರ ಜೂನ್ 1ಕ್ಕೆ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಚಾಂಪಿಯನ್ ಆಂಥನಿ ಜೋಶುವಾ ಎದುರು ಜಾರೆಲ್ ಮಿಲ್ಲರ್ ಆಡಬೇಕಿತ್ತು. ಮಿಲ್ಲರ್ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ. ಆಂಡಿ ರುಯಿಜ್ ಅನ್ನೋ ದುಂಡಗಿನ ಹೊಟ್ಟೆಯ ಬಾಕ್ಸರ್ ಪ್ರಮೋಟರ್ ಎಡ್ಡಿ ಹರ್ನ್‌ಗೆ ಇನ್‌ಸ್ಟಾಗ್ರಾಮ್‌ನಲ್ಲಿ ಮೆಸೇಜ್ ಹಾಕಿ ಅವಕಾಶ ಕೇಳಿದ. ಹೊಟ್ಟೆ ನೋಡಿ ಎಲ್ಲರೂ ನಕ್ಕರು. ಏಪ್ರಿಲ್ 20ರಂದು ಅವನು ಇನ್ನೊಂದು ಪಂದ್ಯ ಆಡಿ ಗೆದ್ದಿದ್ದಾನೆ, ಅಂದರೆ ತಯಾರಿಯಲ್ಲೇ ಇದ್ದಾನೆ ಅನ್ನೋದನ್ನು ಯಾರೂ ಲೆಕ್ಕಕ್ಕೆ ತಗೊಳ್ಳಲಿಲ್ಲ. ರುಯಿಜ್ ಮೂರನೇ ಸುತ್ತಿನಲ್ಲಿ ಕೆಳಗೆ ಬಿದ್ದ. ಎದ್ದು ಅದೇ ಸುತ್ತಿನಲ್ಲಿ ಜೋಶುವಾನನ್ನು ಎರಡು ಸಲ ಕೆಡವಿದ. ಏಳನೇ ಸುತ್ತಿನಲ್ಲಿ ಹೆವಿವೇಟ್ ಚಾಂಪಿಯನ್. ಡಿಸೆಂಬರ್‌ನ ಮರುಪಂದ್ಯಕ್ಕೆ ಏಳು ಕೆಜಿ ಜಾಸ್ತಿ ತೂಕ ಹಾಕಿಕೊಂಡು ಬಂದು ಅಷ್ಟನ್ನೂ ಕಳೆದುಕೊಂಡ. ಅದಕ್ಕೆ ಮ್ಯಾಚ್‌ಮೇಕರ್ ಏನು ಮಾಡಲು ಸಾಧ್ಯ?

ವಿಜೇಂದರ್ ಸಿಂಗ್ ಸತತ 12 ಪಂದ್ಯ ಗೆದ್ದಿದ್ದು ಡಮ್ಮಿಗಳ ಮೇಲೆ ಅಂತ ನಮ್ಮ ಹುಡುಗರು ಆಡಿಕೊಳ್ತಾರೆ. ನಿಜಾನಾ?
— ಪೊಲೀಸ್ ಕಾನ್‌ಸ್ಟೇಬಲ್, ಕಲಬುರಗಿ

ಅರ್ಧ ನಿಜ. ಹೊಸದಾಗಿ ವೃತ್ತಿಪರನಾದವನಿಗೆ ಮೊದಮೊದಲು ಗೆಲ್ಲುವಂಥವರನ್ನೇ ಕೊಡುತ್ತಾರೆ. ಇದು ಭಾರತದ ಕಥೆಯಲ್ಲ, ಎಲ್ಲ ಕಡೆ ಹೀಗೇ. ಇಂಗ್ಲೆಂಡಿನಲ್ಲಿ ಸೋಲುವುದನ್ನೇ ಕಸುಬು ಮಾಡಿಕೊಂಡವರಿದ್ದಾರೆ. ಬರ್ಮಿಂಗ್‌ಹ್ಯಾಮ್‌ನ ಪೀಟರ್ ಬಕ್ಲಿ 300 ಪಂದ್ಯ ಆಡಿ 256 ಸೋತ. ಬಾಯಿಗೆ ಬಂದಂತೆ ನಗಬೇಡಿ. ಮುಂದೆ ವಿಶ್ವ ಚಾಂಪಿಯನ್ ಆದ ನಸೀಮ್ ಹಮೀದ್‌ನಂಥವನ ಎದುರೂ ನಿಂತವನು. ಹುಡುಗರಿಗೆ ಸುತ್ತು ಪೂರ್ತಿ ಆಡಲು ಕಲಿಸುವುದು, ತಾನು ಪೆಟ್ಟಾಗದೆ ಮನೆಗೆ ಹೋಗುವುದು, ಮುಂದಿನ ವಾರ ಮತ್ತೆ ಸಿದ್ಧವಿರುವುದು. ಅಂಥವರಿಲ್ಲದಿದ್ದರೆ ಚಾಂಪಿಯನ್‌ಗಳು ಹುಟ್ಟುವುದೇ ಇಲ್ಲ.

ವಿಜೇಂದರ್ 2015ರ ಅಕ್ಟೋಬರ್‌ನಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಶುರು ಮಾಡಿದ. ಮೊದಲ ಕೆಲವರು ಸಾಧಾರಣ ಅನ್ನೋದನ್ನು ಒಪ್ಪುತ್ತೇನೆ. ಆದರೆ 2016ರ ಜುಲೈನಲ್ಲಿ ದೆಹಲಿಯಲ್ಲಿ ಅವನು ಸೋಲಿಸಿದ ಕೆರ‍್ರಿ ಹೋಪ್ ಒಂದು ಕಾಲಕ್ಕೆ ಯುರೋಪಿಯನ್ ಚಾಂಪಿಯನ್ ಆಗಿದ್ದವನು. ಡಮ್ಮಿ ಅನ್ನೋಕಾಗಲ್ಲ. ಕೊನೆಗೆ ಸೋಲು ಬಂದಿದ್ದು 2021ರ ಮಾರ್ಚ್‌ನಲ್ಲಿ, ಗೋವಾದಲ್ಲಿ ಕ್ಯಾಸಿನೊ ಹಡಗಿನ ಮೇಲೆ, ಕೈಬೆರಳಲ್ಲಿ ಎಣಿಸುವಷ್ಟು ಪಂದ್ಯ ಆಡಿದ್ದ ರಷ್ಯಾದ ಅರ್ತಿಶ್ ಲೋಪ್ಸನ್ ಕೈಲಿ. ಹುಡುಗ ತುಂಬಾ ಎತ್ತರ, ವಿಜೇಂದರ್ ಅದಕ್ಕೆ ಮುಂಚೆ ಒಂದು ವರ್ಷಕ್ಕೂ ಜಾಸ್ತಿ ಆಡಿರಲಿಲ್ಲ. ದಾಖಲೆ ಪುಸ್ತಕ ಮಾತ್ರ ನೋಡಿ ಎದುರಾಳಿ ಆರಿಸಿದರೆ ಹೀಗಾಗುತ್ತದೆ.

ಈಗ ನೋಡಬೇಕಾದವನು ನಿಶಾಂತ್ ದೇವ್. ಹರಿಯಾಣದ ಕರ್ನಾಲ್‌ನವನು, ಆದರೆ ರಾಷ್ಟ್ರೀಯ ಕೂಟಗಳಲ್ಲಿ ಕರ್ನಾಟಕದ ಪರ ಆಡಿದ್ದವನು. 2025ರ ಜನವರಿಯಲ್ಲಿ ಲಾಸ್ ವೇಗಸ್‌ನಲ್ಲಿ ವೃತ್ತಿಪರನಾಗಿ ಮೊದಲ ಪಂದ್ಯವನ್ನು ಮೊದಲ ಸುತ್ತಿನಲ್ಲೇ ಗೆದ್ದ. ಅವನಿಗೂ ಈಗ ಸುಲಭದವರೇ ಸಿಗುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ.

ಮೇರಿ ಕೋಮ್ ವಿರುದ್ಧ ನಿಖತ್ ಜರೀನ್ ಪಂದ್ಯ ಕೇಳಿದ್ದು ದುರಹಂಕಾರ ಅಂತ ನಮ್ಮ ಮನೆಯಲ್ಲಿ ದೊಡ್ಡ ವಾದ. ನೀವೇನಂತೀರಿ?
— ಶಿಕ್ಷಕಿ, ಧಾರವಾಡ

ನಾನು ನಿಖತ್ ಕಡೆ. 2019ರಲ್ಲಿ ಒಲಿಂಪಿಕ್ ಅರ್ಹತಾ ಕೂಟಕ್ಕೆ ಮೇರಿಯನ್ನು ಟ್ರಯಲ್ಸ್ ಇಲ್ಲದೆ ಕಳಿಸುವ ಮಾತು ಬಂತು. ನಿಖತ್ ಕ್ರೀಡಾ ಸಚಿವರಿಗೆ ಪತ್ರ ಬರೆದು, ನನಗೂ ಒಂದು ಅವಕಾಶ ಬೇಕು ಅಂದಳು. ಅಷ್ಟೇ. ಅವಳು ಬೆಲ್ಟ್ ಕೇಳಲಿಲ್ಲ, ಪಂದ್ಯ ಕೇಳಿದಳು. ಡಿಸೆಂಬರ್ 28ರಂದು ದೆಹಲಿಯಲ್ಲಿ ಪಂದ್ಯ ನಡೆಯಿತು. ಮೇರಿ 9–1ರಲ್ಲಿ ಗೆದ್ದಳು, ಕೈ ಕುಲುಕಲಿಲ್ಲ. ಆ ಸಿಟ್ಟು ನನಗೆ ಅರ್ಥವಾಗುತ್ತದೆ, ಆರು ಸಲ ವಿಶ್ವ ಚಾಂಪಿಯನ್ ಆದವಳನ್ನು ಹುಡುಗಿಯೊಬ್ಬಳು ಎಲ್ಲರೆದುರು ಕೆಣಕಿದ್ದಾಳೆ. ಆದರೆ ನಿಖತ್ 2022ರಲ್ಲಿ ಇಸ್ತಾಂಬುಲ್‌ನಲ್ಲಿ, 2023ರಲ್ಲಿ ದೆಹಲಿಯಲ್ಲಿ ವಿಶ್ವ ಚಾಂಪಿಯನ್ ಆದಳು. ಅವಳ ಅರ್ಜಿ ಸುಮ್ನೆ ಬರೆದದ್ದಲ್ಲ.

ನನ್ನ ಮಗಳಿಗೆ 15 ವರ್ಷ. ಎರಡು ಪಂದ್ಯ ಆಡಿದ್ದಾಳೆ. ಮುಂದಿನ ತಿಂಗಳು ಪ್ರದರ್ಶನ ಪಂದ್ಯದಲ್ಲಿ, ಹತ್ತಕ್ಕೂ ಹೆಚ್ಚು ಪಂದ್ಯ ಆಡಿರೋ ಜಿಲ್ಲಾ ಚಾಂಪಿಯನ್ ಹುಡುಗಿ ಜೊತೆ ಆಡಿಸ್ತೀವಿ ಅಂತಾರೆ ಕೋಚ್. ಬೇಡ ಅಂದ್ರೆ ಮಗಳು ಅಳ್ತಾಳೆ. ಏನು ಮಾಡ್ಲಿ ಅಣ್ಣಾ?
— ತಾಯಿ, ಬಳ್ಳಾರಿ

ಬೇಡ ಅನ್ನಿ, ಅಕ್ಕ. ಮಗಳು ಎರಡು ದಿನ ಅಳಲಿ, ಪರವಾಗಿಲ್ಲ.

ಟೂರ್ನಿಯಾದರೆ ಬೇರೆ. ಅಲ್ಲಿ ವಯಸ್ಸು, ತೂಕ ನೋಡಿ, ವೈದ್ಯರು ಪರೀಕ್ಷೆ ಮಾಡಿ, ಚೀಟಿ ಎತ್ತಿ ಜೋಡಿ ಮಾಡುತ್ತಾರೆ. ಯಾರು ಬಂದರೂ ಆಡಬೇಕು. ಆದರೆ ಪ್ರದರ್ಶನ ಪಂದ್ಯದಲ್ಲಿ ಆರಿಸುವ ಸ್ವಾತಂತ್ರ್ಯ ಇದೆಯಲ್ಲ, ಆಗ ಚಾಂಪಿಯನ್ ಹುಡುಗಿಗೆ ಚಪ್ಪಾಳೆ ಬೀಳಲಿ ಅಂತ ನಿಮ್ಮ ಮಗಳನ್ನು ಎದುರಿಗೆ ನಿಲ್ಲಿಸುವುದು ನ್ಯಾಯವಲ್ಲ. ನಾನು ಜಿಲ್ಲಾ ಮಟ್ಟದ ಕೂಟಗಳಲ್ಲಿ ತೂಕದ ಯಂತ್ರದ ಪಕ್ಕ ಕೂತು ಹೆಸರು ಬರೆದುಕೊಂಡವನು. ಅಲ್ಲಿ ಮಕ್ಕಳು ಬರಿಗಾಲಲ್ಲಿ ಹತ್ತಿ ನಿಂತು, ಎದುರು ಆಡಬೇಕಾದವಳನ್ನು ಓರೆಗಣ್ಣಲ್ಲಿ ನೋಡುತ್ತಾರೆ. ಹೆದರಿದ ಮಗು ಯಂತ್ರದ ಮುಳ್ಳು ನೋಡುವುದಿಲ್ಲ, ಅವಳ ತೋಳು ನೋಡುತ್ತದೆ. ಹೀಗೆ ಹೆದರಿ ರಿಂಗ್‌ಗೆ ಹತ್ತಿದವರು ಕೈ ಮೇಲಿಡುವುದನ್ನು ಮರೆತುಬಿಡುತ್ತಾರೆ.

ಕೋಚ್ ಹತ್ತಿರ ಮೂರು ವಿಷಯ ಕೇಳಿ. ತೂಕದಲ್ಲಿ ಎಷ್ಟು ವ್ಯತ್ಯಾಸ? ವೈದ್ಯರು ರಿಂಗ್ ಪಕ್ಕ ಇರುತ್ತಾರಾ? ನಾಲ್ಕೈದು ಪಂದ್ಯ ಆಡಿದ ಬೇರೆ ಹುಡುಗಿ ಯಾಕೆ ಸಿಗಲಿಲ್ಲ? ಮೂರನೆಯದಕ್ಕೆ 'ಅವಳು ಬೆಳೀಬೇಕಲ್ಲಮ್ಮ' ಅಂತ ಉತ್ತರ ಬಂದರೆ, ಆ ಚಾಂಪಿಯನ್ ಜೊತೆ ವಾರಕ್ಕೆ ಎರಡು ದಿನ ಅಭ್ಯಾಸಕ್ಕೆ ಬಿಡಿ, ಜನ ಇಲ್ಲದ ಕಡೆ, ದೊಡ್ಡ ಗ್ಲೌಸ್ ಹಾಕಿಸಿ, ಕೋಚ್ ಮಧ್ಯೆ ನಿಂತಿರಲಿ. ಬೆಳೆಯುವುದು ಅಲ್ಲೇ ಬೇಗ. ಅಷ್ಟರಲ್ಲಿ ತನ್ನಷ್ಟೇ ಪಂದ್ಯ ಆಡಿರುವ ಹುಡುಗಿಯರ ಜೊತೆ ಇನ್ನು ಮೂರ್ನಾಲ್ಕು ಪಂದ್ಯ ಆಡಲಿ.

ಮ್ಯಾಚ್‌ಮೇಕರ್ ಆಗೋಕೆ ಏನು ಓದಬೇಕು?
— ಬಿ.ಕಾಂ. ಎರಡನೇ ವರ್ಷ, ತುಮಕೂರು

ಬಿ.ಕಾಂ. ಸಾಕು, ಮುಗಿಸಿ. ಜೊತೆಗೆ ಬಾಕ್ಸ್‌ರೆಕ್ ಅನ್ನೋ ತಾಣ ತೆರೆದು ಯಾವುದಾದರೂ ಬಾಕ್ಸರ್‌ನ ದಾಖಲೆ ಹಿಡಿದು ಕೂರಿ. ಗೆಲುವು ಎಷ್ಟು ಅಂತ ನೋಡಬೇಡಿ. ಯಾರ ಮೇಲೆ, ಯಾವ ಊರಿನಲ್ಲಿ, ಹಿಂದಿನ ಪಂದ್ಯವಾಗಿ ಎಷ್ಟು ತಿಂಗಳಿಗೆ, ತೂಕ ಹೇಗೆ ಏರಿಳಿದಿದೆ ಅಂತ ನೋಡಿ. ಆಮೇಲೆ ಮುಂದಿನ ವಾರದ ಒಂದು ಪಂದ್ಯ ಆರಿಸಿ, ಅದನ್ನು ಯಾಕೆ ಮಾಡಿದರು, ಯಾರಿಗೆ ಲಾಭ ಅಂತ ಒಂದು ಪುಟ ಬರೆದು ನನಗೆ ಕಳಿಸಿ. ಪಂದ್ಯ ಮುಗಿಯುವ ಮುಂಚೆಯೇ ಅಂಚೆಗೆ ಹಾಕಬೇಕು, ಮೊಹರು ನೋಡುತ್ತೇನೆ.